ಅತ್ತೆ ನನ್ನ ಹಿಂದೆ ಕೂತ ಆಟಗಳು

ಜನವರಿ 9

ಸರಿಯಾಗಿ ಆಡಿಯೂ ಸೋತೆ. ಇದನ್ನು ಇವತ್ತೇ ಬರೆದಿಡಬೇಕು, ಇಲ್ಲದಿದ್ದರೆ ನಾಳೆ ಬೆಳಿಗ್ಗೆ ಮನಸ್ಸು ಬೇರೆ ಕಥೆ ಕಟ್ಟಿಬಿಡುತ್ತದೆ.

ಆಡಿದ್ದು ಪೋಕರ್. ನನ್ನ ಕೈಯಲ್ಲಿ ಎರಡು ಎಕ್ಕ. ಎದುರಿಗೆ ಕ್ಲಬ್ಬಿನ ದಂತವೈದ್ಯ, ಕೈಯಲ್ಲಿ ಏಳು, ಎಂಟು. ಮೇಜಿನ ಮೇಲೆ ಐದು ಎಲೆ ಬೀಳಬೇಕು. ನಾಲ್ಕು ಬಿದ್ದಿದ್ದವು, ಅದರಲ್ಲೊಂದು ಎಂಟು. ಆ ಒಂದು ಜೋಡಿ ಎಂಟನ್ನು ನೆಚ್ಚಿಕೊಂಡು ಆ ಪುಣ್ಯಾತ್ಮ ಇದ್ದ ಚಿಪ್ಸನ್ನೆಲ್ಲ, ಪಣದ ಬಿಲ್ಲೆಗಳನ್ನೆಲ್ಲ, ಮುಂದೆ ತಳ್ಳಿದ. ಅಂಥ ಜಾಗದಲ್ಲಿ ಹತ್ತಕ್ಕೆ ಒಂಬತ್ತು ಸಲ ಗೆಲ್ಲುವವಳು ನಾನು. ಕೊನೆಯ ಎಲೆ ಏಳು ಬಿತ್ತು. ಅವನಿಗೆ ಎರಡು ಜೋಡಿ, ನನಗೆ ಒಂದೇ. "ಸಾರಿ ಮೇಡಂ, ಏಳು ನನ್ನ ನಂಬರು" ಅಂದ. ಊರವರ ಹಲ್ಲನ್ನೆಲ್ಲ ನೆಟ್ಟಗೆ ಮಾಡುವವನ ಹಲ್ಲು ಸೊಟ್ಟ. ಅದನ್ನು ನೋಡಿ ಕೊಂಚ ಸಮಾಧಾನವಾಯಿತು.

ಸೋತದ್ದಕ್ಕೆ ನಾಚಿಕೆಯಿಲ್ಲ. ನಾಚಿಕೆಯಾದದ್ದು ಲಿಫ್ಟಿನಲ್ಲಿ. ಅತ್ತೆ ಕಣ್ಣಿನ ಪೊರೆ ತೆಗೆಸಿಕೊಳ್ಳಲು ನಮ್ಮ ಮನೆಗೆ ಬಂದವರು, ಈಗ ಎರಡು ಕಣ್ಣೂ ನಿಚ್ಚಳವಾಗಿ, ಕಂಡದ್ದನ್ನೆಲ್ಲ ನೋಡಬೇಕೆನ್ನುತ್ತಾರೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. "ಜೀವಮಾನವೆಲ್ಲ ಜನರ ದನಿ ಕೇಳಿದ್ದಾಯ್ತು ಕಣೇ, ಇನ್ನು ಮುಖ ನೋಡ್ತೀನಿ" ಎಂದು ನನ್ನ ಜೊತೆ ಮಧ್ಯಾಹ್ನದ ಆಟಕ್ಕೂ ಬರುತ್ತಾರೆ. ಹೆಣಿಗೆ ಹಿಡಿದು ನನ್ನ ಹಿಂದಿನ ಕುರ್ಚಿಯಲ್ಲಿ ಕೂರುತ್ತಾರೆ. ಇವತ್ತು ಲಿಫ್ಟಿನಲ್ಲಿ ಸಿಕ್ಕ ಮೂರನೇ ಮಹಡಿಯಾಕೆಗೆ, "ನಮ್ಮ ಸೊಸೆ ಆಡೋದು ಜೂಜಲ್ಲಮ್ಮ, ಲೆಕ್ಕ! ಕಾಲೇಜಲ್ಲಿ ಪಾಠ ಮಾಡ್ತಿದ್ದಳು, ಅದಕ್ಕಿಂತ ಇದೇ ಕಷ್ಟವಂತೆ" ಎಂದರು. ಎದೆಯುಬ್ಬಿಸಿಕೊಂಡು. ನಾನು ಲಿಫ್ಟಿನ ಗುಂಡಿಗಳನ್ನೇ ನೋಡುತ್ತಿದ್ದೆ.

ಮನೆಗೆ ಬಂದಮೇಲೆ ಇವರು "ಹೇಗಾಯ್ತು?" ಎಂದರು. "ಪರವಾಗಿಲ್ಲ" ಎಂದೆ.

ಜನವರಿ 23

ಮತ್ತೆ ಸೋತೆ. ತಪ್ಪು ಆಡಿಲ್ಲ. ಆಡಿದ್ದನ್ನೆಲ್ಲ ಮನಸ್ಸಿನಲ್ಲೇ ಹಿಂದೆ ತಿರುಗಿಸಿ ನೋಡಿದೆ, ಒಂದು ಕಡೆಯೂ ಎಡವಿಲ್ಲ. ಸಂಖ್ಯಾಶಾಸ್ತ್ರ ಓದಿದವಳಿಗೆ ಇಂಥದೊಂದು ಕಾಲ ಬರುತ್ತದೆಂದು ಗೊತ್ತಿರಬೇಕು. ಒಂದು ದಿನದ ಆಟ ಅದೃಷ್ಟದ್ದು, ಒಂದು ವರ್ಷದ ಆಟ ಜಾಣ್ಮೆಯದು. ನಾನೇ ಕಲಿಸುವ ಪಾಠ ಇದು.

ಕುರ್ಚಿ ಬದಲಿಸಿ ಕಿಟಕಿ ಕಡೆಗೆ ಕುಳಿತೆ. ಹಳೆಯ ಜಾಗದಲ್ಲಿ ಎ.ಸಿ. ಗಾಳಿ ನೇರವಾಗಿ ಕುತ್ತಿಗೆಗೆ ಬಡಿಯುತ್ತದೆ.

ಫೆಬ್ರವರಿ 3

ಗೆದ್ದೆ! ದೊಡ್ಡದಲ್ಲ, ಆದರೂ ಗೆಲುವು ಗೆಲುವೇ. ಮೆಟ್ಟಿಲನ್ನು ಎರಡೆರಡಾಗಿ ಇಳಿದೆ. ಅತ್ತೆಯನ್ನು ಇವರು ಕಣ್ಣಾಸ್ಪತ್ರೆಗೆ ಕರೆದೊಯ್ದಿದ್ದರು, ಒಬ್ಬಳೇ ಹೋಗಿದ್ದೆ.

ಬೆಳಿಗ್ಗೆ ಕಂಪ್ಯೂಟರಿನಲ್ಲಿ ನನ್ನಿಂದ ಆಟದ ಪಾಠ ಕೇಳುವ ಬ್ಯಾಂಕಿನವಳು, "ಮೇಡಂ, ಒಬ್ಬರು ಚೆನ್ನಾಗಿ ಆಡ್ತಾರೋ ಇಲ್ಲವೋ ಅಂತ ಹೇಳೋಕೆ ಎಷ್ಟು ಆಟ ನೋಡಬೇಕು?" ಎಂದು ಕೇಳಿದಳು. "ಸಾವಿರಾರು. ನಾಲ್ಕಾರು ಆಟ ನೋಡಿ ತೀರ್ಮಾನಕ್ಕೆ ಬರೋರು ಮೋಡದಲ್ಲಿ ಆನೆ ಕಾಣ್ತಾರೆ" ಎಂದೆ. ಅವಳು ನಕ್ಕು ಬರೆದುಕೊಂಡಳು.

ಫೆಬ್ರವರಿ 7

ಅತ್ತೆ ಬಂದಿದ್ದರು. ಸೋತೆ.

ಫೆಬ್ರವರಿ 13

ಇವತ್ತು ಮನೆಯಲ್ಲಿ ಸಣ್ಣದೊಂದು ರಂಪ. ಮೂರನೇ ತಾರೀಖು ಹಾಕಿಕೊಂಡಿದ್ದ ಕಂದು ಸ್ವೆಟರನ್ನು ಅತ್ತೆ ಮೆಷಿನ್ನಿಗೆ ಹಾಕಿಬಿಟ್ಟಿದ್ದರು. "ನನ್ನ ಬಟ್ಟೆ ಮುಟ್ಟಬೇಡಿ ಅಂತ ಎಷ್ಟು ಸಲ ಹೇಳಬೇಕು?" ಎಂದು ಕೂಗಿದೆ. ಹಾಗೆ ಒಂದು ಸಲವೂ ಹೇಳಿರಲಿಲ್ಲ. ಅತ್ತೆ ಒದ್ದೆ ಸ್ವೆಟರನ್ನು ಹಿಡಿದುಕೊಂಡು, "ಕಾಲರ್ ಕಪ್ಪಾಗಿತ್ತಲ್ಲಮ್ಮ" ಎಂದರು.

ಬೇರೇನೂ ಅಲ್ಲ, ಉಣ್ಣೆ ಮೆಷಿನ್ನಿನಲ್ಲಿ ಕುಗ್ಗುತ್ತದೆ. ಅಷ್ಟಕ್ಕೇ ಕೋಪ ಬಂದದ್ದು. ಕೂಗಿದ್ದು ಮಾತ್ರ ತಪ್ಪು. ರಾತ್ರಿ ಊಟಕ್ಕೆ ಕೂತಾಗ ಅವರ ಮುಖ ನೋಡಲಾಗಲಿಲ್ಲ.

ಫೆಬ್ರವರಿ 14

ಸೋತೆ. ಅತ್ತೆ ಬಂದಿದ್ದರು. ಸ್ವೆಟರ್ ಒಣಗಿರಲಿಲ್ಲ.

ಫೆಬ್ರವರಿ 21

ಒಂದು ಸುಳ್ಳು ಹೇಳಿದೆ. ಕ್ಲಬ್ಬಿನಲ್ಲಿ ಹೊಸ ನಿಯಮ ಬಂದಿದೆ, ಆಡದೆ ಇರುವವರು ಒಳಗೆ ಕೂರುವಂತಿಲ್ಲ ಎಂದೆ. ಅತ್ತೆ ಆಗಲೇ ಚಪ್ಪಲಿ ಹಾಕಿಕೊಂಡಿದ್ದರು, ಕೈಚೀಲದಲ್ಲಿ ಹೆಣಿಗೆ.

"ಅಯ್ಯೋ, ಹೌದಾ? ಸರಿ ಬಿಡು. ಆ ಹಲ್ಲಿನ ಡಾಕ್ಟರಿಗೆ ನನ್ನ ಲೆಕ್ಕದಲ್ಲಿ ಒಂದು ಏಟು ಜಾಸ್ತಿ ಕೊಡು" ಎಂದು ಚಪ್ಪಲಿ ಬಿಚ್ಚಿ ಗೂಡಿನಲ್ಲಿಟ್ಟರು.

ಅವರಿಗೂ ಅಷ್ಟು ಹೊತ್ತು ಕೂತರೆ ಬೆನ್ನು ನೋವು. ನಾನು ಮಾಡಿದ್ದು ಅವರಿಗೂ ಒಳ್ಳೆಯದೇ. ಆದರೆ ಬೀದಿಯ ಕೊನೆಯವರೆಗೂ ಹಿಂದಿನಿಂದ ಯಾರೋ ಕರೆದಂತಾಗುತ್ತಿತ್ತು.

ಗೆದ್ದೆ.

ಫೆಬ್ರವರಿ 28

ಗೆದ್ದೆ. ಮುಂದಿನ ವಾರ ಕ್ಲಬ್ಬಿನ ವಾರ್ಷಿಕ ಪಂದ್ಯ. ಹೊರಗಿನಿಂದಲೂ ಆಟಗಾರರು ಬರುತ್ತಾರೆ. ಕಾಲೇಜಿನ ಕೆಲಸ ಬಿಟ್ಟಾಗ "ನಿನ್ನ ತಲೆ ಸರಿ ಇದೆಯಾ?" ಎಂದಿದ್ದ ನನ್ನ ಹಳೆಯ ವಿಭಾಗದವರೂ ನೋಡಲು ಬರುತ್ತಾರಂತೆ. ಈ ಸಲ ಗೆಲ್ಲಲೇಬೇಕು.

ಅಡುಗೆಮನೆಯಲ್ಲಿ ಅತ್ತೆ ಯಾರೊಂದಿಗೋ ಫೋನಿನಲ್ಲಿ, "ನಮಗೆ ಪ್ರವೇಶ ಇಲ್ವಂತೆ, ಅವಳು ಬಂದಮೇಲೆ ಎಲ್ಲ ಕೇಳ್ತೀನಿ" ಎನ್ನುತ್ತಿದ್ದರು. ನಾನು ಬಂದಮೇಲೆ ಅವರು ಕೇಳುವುದೂ ನಿಜ, ನಾನು ತಲೆನೋವೆಂದು ಮಲಗುವುದೂ ನಿಜ.

ಮಾರ್ಚ್ 6

ಪಂದ್ಯ ಗೆದ್ದೆ.

ಮಾರ್ಚ್ 7

ನಿನ್ನೆ ಒಂದೇ ಸಾಲು ಬರೆದು ಮುಚ್ಚಿಟ್ಟೆ. ಇವತ್ತು ಪೂರ್ತಿ ಬರೆಯುತ್ತೇನೆ. ಇಲ್ಲಿ ಬರೆಯದಿದ್ದರೆ ಇನ್ನೆಲ್ಲೂ ಹೇಳಲಾರೆ.

ಸಂಜೆಯ ಹೊತ್ತಿಗೆ ಮೇಜಿನ ಸುತ್ತ ಕೆಲವರೇ ಉಳಿದಿದ್ದೆವು. ನನ್ನ ಮುಂದೆ ಎಲ್ಲರಿಗಿಂತ ಎತ್ತರದ ಚಿಪ್ಸಿನ ರಾಶಿ. ಎಲೆ ಎತ್ತಿ ನೋಡಿದರೆ ಎರಡು ರಾಜ. ದಂತವೈದ್ಯ ಪಣ ಏರಿಸಿದ, ನಾನೂ ಏರಿಸಿದೆ, ಕೊನೆಗೆ ಆತ ಎಲ್ಲವನ್ನೂ ಇಟ್ಟ. ಎಲೆ ತೆರೆದರೆ ಅವನದು ಎರಡು ರಾಣಿ. ನಾನು ಬಯಸಿ ಬರೆಸಿಕೊಂಡರೂ ಇಷ್ಟು ಚೆನ್ನಾದ ಜಾಗ ಸಿಗುತ್ತಿರಲಿಲ್ಲ. ಆಗ ಬಾಗಿಲ ಬಳಿ ದನಿ ಕೇಳಿತು.

"ನೋಡಿ, ಯಾರನ್ನ ಕರ್ಕೊಂಡು ಬಂದಿದ್ದೀನಿ!" ಕ್ಲಬ್ಬಿನ ಮ್ಯಾನೇಜರ್. ಅವನ ಪಕ್ಕದಲ್ಲಿ ಅತ್ತೆ. ಕೆಳಗಿನ ಅಂಗಡಿಯಲ್ಲಿ ಉಣ್ಣೆ ಕೊಳ್ಳುತ್ತಿದ್ದವರನ್ನು ಕಂಡು, "ಅಮ್ಮಾವ್ರೇ, ಯಾಕೆ ಬರೋದೇ ಬಿಟ್ರಿ? ನಿಯಮಾನಾ? ಯಾವ ನಿಯಮ?" ಎಂದು ಮೇಲೆ ಕರೆತಂದಿದ್ದಾನೆ. ಅತ್ತೆ ನನ್ನತ್ತ ಕೈ ಬೀಸಿದರು. ಮುಖದಲ್ಲಿ ಅನುಮಾನದ ಒಂದು ಗೆರೆಯೂ ಇರಲಿಲ್ಲ. ತುದಿಗಾಲಲ್ಲಿ ನಡೆದು ಬಂದು ನನ್ನ ಹಿಂದಿನ ಕುರ್ಚಿ ಎಳೆದುಕೊಂಡರು. ಮೇಜಿನ ಮೇಲೆ ಕೊನೆಯ ಎಲೆ ಬಿತ್ತು. ರಾಣಿ.

ಮೂರು ರಾಣಿಯ ಎದುರು ನನ್ನ ಎರಡು ರಾಜ ಸೋತು, ರಾಶಿಯೆಲ್ಲ ಆ ಕಡೆಗೆ ಹೋಯಿತು. ಒಂದು ಹಿಡಿಯಷ್ಟು ಉಳಿಯಿತು. ನಾನು ಎದ್ದು ನಿಂತೆ. ತಿರುಗಿ ಹೇಳಿದೆ. ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ:

"ಬರಬೇಡಿ ಅಂತ ತಾನೇ ಸುಳ್ಳು ಹೇಳಿದ್ದು? ನಿಮ್ಮ ಕಾಲ್ಗುಣಕ್ಕೆ ಎರಡು ತಿಂಗಳಿಂದ ಒದ್ದಾಡ್ತಿದ್ದೀನಿ. ನೀವು ಹಿಂದೆ ಬಂದು ಕೂತ್ರೆ ನಾನು ಮುಳುಗ್ತೀನಿ. ಇನ್ನೂ ಅರ್ಥ ಆಗ್ಲಿಲ್ವಾ?"

ನನ್ನ ಹಳೆಯ ವಿಭಾಗದವರು ಗೋಡೆಗೆ ಒರಗಿ ನಿಂತಿದ್ದರು. ಅತ್ತೆ ಅರ್ಧ ಕೂತವರು ಹಾಗೇ ಎದ್ದರು. ಕುರ್ಚಿಯನ್ನು ಮೊದಲಿದ್ದ ಜಾಗಕ್ಕೆ ಸರಿಸಿದರು. "ಆಯ್ತಮ್ಮ" ಎಂದರು. "ನನಗೆ ಗೊತ್ತಾಗ್ಲಿಲ್ಲ." ಹೋದರು.

ಮುಂದಿನದು ಇನ್ನೂ ಕೆಟ್ಟದ್ದು. ತಲೆ ಕೆಟ್ಟು, ಕೈಗೆ ಬಂದ ಒಂಬತ್ತು ಮತ್ತು ನಾಲ್ಕರ ಮೇಲೆ ಉಳಿದ ಚಿಪ್ಸನ್ನೆಲ್ಲ ನೂಕಿದೆ. ನನ್ನ ವಿದ್ಯಾರ್ಥಿ ಹಾಗೆ ಆಡಿದ್ದರೆ ಪಾಠ ಅಲ್ಲಿಗೇ ನಿಲ್ಲಿಸುತ್ತಿದ್ದೆ. ಮೇಜಿನ ಮೇಲೆ ಎರಡು ಒಂಬತ್ತು ಬಿದ್ದವು. ಗೆದ್ದೆ. ಮತ್ತೆ ಕಣ್ಣು ಮುಚ್ಚಿ ನೂಕಿದೆ, ಮತ್ತೆ ಗೆದ್ದೆ. ಒಂದು ಗಂಟೆ ಕಾಲ ಕುಡಿದವಳ ಹಾಗೆ ಆಡಿದೆ, ಎಲೆಗಳು ಹೇಳಿದಂತೆ ಕೇಳಿದವು. ಕೊನೆಗೆ ದಂತವೈದ್ಯನೂ ಸೋತು ಹೊರಬಿದ್ದ. ಚಪ್ಪಾಳೆ. ಆತ ಕೈ ಕುಲುಕಿ, "ಆಂಟಿ ಎದ್ದು ಹೋಗಿದ್ದೇ ಹೋಗಿದ್ದು, ನಿಮ್ಮ ದೆಸೆ ತಿರುಗಿತು ನೋಡಿ!" ಎಂದ.

ನಾನು ನಕ್ಕೆ. ಎಲ್ಲರ ಜೊತೆ, ಗಟ್ಟಿಯಾಗಿ.

ಮನೆಗೆ ಬಂದಾಗ ಅತ್ತೆಯ ಕೋಣೆ ಖಾಲಿ. ಮಂಚದ ಮೇಲೆ ಹಾಸಿಗೆ ಮಡಿಸಿತ್ತು. ಮಗಳ ಮನೆಗೆ ಹೋಗಿದ್ದಾರೆಂದು ಇವರು ಹೇಳಿದರು. "ಹೆರಿಗೆ ಹತ್ತಿರ ಬಂತು, ಜೊತೆಗಿರ್ತೀನಿ ಅಂದ್ರು. ಇಷ್ಟು ಅವಸರ ಯಾಕೋ ಗೊತ್ತಾಗ್ಲಿಲ್ಲ." ನನಗೂ ಗೊತ್ತಿಲ್ಲ ಎಂದೆ.

ಮಾರ್ಚ್ 10

ಇವರಿಗೆ ಗೊತ್ತಾಯಿತು. ಇವರ ಕನ್ನಡಕದಂಗಡಿಗೆ ಬಂದ ಕ್ಲಬ್ಬಿನ ಗಿರಾಕಿಯೊಬ್ಬ ತಮಾಷೆಯೆಂಬಂತೆ ಹೇಳಿದನಂತೆ. ಇವರು ಕೂಗಾಡಲಿಲ್ಲ. ಊಟ ಮಾಡಿ ತಟ್ಟೆ ತೊಳೆದಿಟ್ಟು ಬಂದು ಎದುರು ಕೂತರು.

"ಅಪ್ಪ ಹೋದಾಗ ನೀನು ನಮ್ಮ ಮನೆಗೆ ಬಂದು ಇನ್ನೂ ತಿಂಗಳಾಗಿರಲಿಲ್ಲ" ಎಂದರು.

"ಗೊತ್ತು."

"ನಮ್ಮ ಸೋದರತ್ತೆ ಏನಂದ್ರು ಅಂತಾನೂ ಗೊತ್ತಾ?"

"ಗೊತ್ತು. ಪಕ್ಕದ ಕೋಣೇಲಿದ್ದೆ."

ಸೋದರತ್ತೆ "ಸೊಸೆ ಕಾಲಿಟ್ಟ ಗಳಿಗೆ ಹಾಗಿತ್ತು" ಎಂದಿದ್ದರು. ಆಗ ಅತ್ತೆ, ಗಂಡನನ್ನು ಕಳೆದುಕೊಂಡು ಮೂರು ದಿನವೂ ಆಗಿರದ ಹೆಂಗಸು, ಎದ್ದು ನಿಂತು, "ಅವರ ಎದೆ ಕೆಟ್ಟಿದ್ದು ಬೀಡಿ ಸೇದಿ ಸೇದಿ. ಈ ಹುಡುಗಿ ಮೇಲೆ ಒಂದು ಮಾತು ಬಂದ್ರೂ ಈ ಮನೆ ಬಾಗಿಲು ತುಳೀಬೇಡ" ಎಂದಿದ್ದರು. ನಾನು ಬಾಗಿಲ ಹಿಂದೆ ನಿಂತು ಕೇಳಿ, ಸೆರಗು ಬಾಯಿಗೆ ತುರುಕಿಕೊಂಡು ಅತ್ತಿದ್ದೆ.

ಇದು ನನಗೆ ಮರೆತಿರಲಿಲ್ಲ. ಮರೆತಿದ್ದರೆ ಸಮಾಧಾನವಾಗುತ್ತಿತ್ತು. ನೆನಪಿನಲ್ಲಿದ್ದೂ ಆ ಎರಡು ತಿಂಗಳು ಒಮ್ಮೆಯೂ ಮುಂದೆ ಬಂದು ನನ್ನ ಕೈ ಹಿಡಿಯಲಿಲ್ಲ.

ಇವರು ದಿಂಬು ತೆಗೆದುಕೊಂಡು ಎದ್ದರು. ಅತ್ತೆಯ ಖಾಲಿ ಕೋಣೆಯಲ್ಲಿ ಮಲಗಿದರು.

ಮಾರ್ಚ್ 12

ಪಂದ್ಯದ ಸುದ್ದಿ ಕೇಳಿದ್ದ ಬ್ಯಾಂಕಿನವಳು ಪಾಠಕ್ಕೆ ಕೂತೊಡನೆ, "ಮೇಡಂ, ಆ ಒಂಬತ್ತು–ನಾಲ್ಕರ ಆಟ ಹೇಗೆ ಹೊಳೀತು? ಎದುರಿನವರನ್ನ ಹೇಗೆ ಓದಿದ್ರಿ?" ಎಂದಳು. ಓದಲಿಲ್ಲ, ಹುಚ್ಚು ಹಿಡಿದಿತ್ತು ಎಂದೆ. ಅವಳು ನಕ್ಕು, "ನಿಮ್ಮ ವಿನಯ!" ಎಂದಳು. ಪಾಠ ನಡೆಸಲಾಗಲಿಲ್ಲ. ನೆಟ್‌ವರ್ಕ್ ಸರಿಯಿಲ್ಲವೆಂದು ಮುಗಿಸಿಬಿಟ್ಟೆ.

ಮಾರ್ಚ್ 15

ನಾದಿನಿಯ ಮನೆಗೆ ಹೋಗಿದ್ದೆ. ಅವಳ ಗಂಡ ಹಡಗಿನಲ್ಲಿ ಎಂಜಿನಿಯರ್, ಬರುವುದು ಮುಂದಿನ ತಿಂಗಳು. ತುಂಬಿದ ಹೊಟ್ಟೆ ಹಿಡಿದುಕೊಂಡು ಅವಳೇ ಬಾಗಿಲು ತೆಗೆದಳು. "ಬನ್ನಿ ಅತ್ತಿಗೆ" ಎಂದಳು, ಒಳ್ಳೆ ಅಂಚೆಯವನನ್ನು ಕರೆದ ಹಾಗೆ. ತಾಯಿ ಏನು ಹೇಳಿದ್ದಾರೋ, ಎಷ್ಟು ಹೇಳಿದ್ದಾರೋ ತಿಳಿಯಲಿಲ್ಲ. ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅತ್ತೆ ಬಾಲ್ಕನಿಯಲ್ಲಿದ್ದರು. ನಾನು ಮೊದಲೇ ಕಲಿತು ಹೋಗಿದ್ದ ಮಾತೆಲ್ಲ ಕೈಕೊಟ್ಟು, "ಅತ್ತೆ, ತಪ್ಪಾಯ್ತು" ಎಂಬುದಷ್ಟೇ ಹೊರಬಂತು.

ಅವರು ಬೈಯುತ್ತಾರೆಂದುಕೊಂಡಿದ್ದೆ. ಬೈಯಲೆಂದು ಆಸೆಪಟ್ಟಿದ್ದೆ. ಅವರು, "ಇಲ್ಲ ಬಿಡು, ನಿಂದೇನು ತಪ್ಪು? ನಂಗೂ ಒಳಗೊಳಗೇ ಅನಿಸಿತ್ತು. ಎರಡು ಮೂರು ಸಲ ಕುರ್ಚಿ ಕೂಡ ಸ್ವಲ್ಪ ಆಚೆ ಈಚೆ ಮಾಡ್ಕೊಂಡು ಕೂತಿದ್ದೆ" ಎಂದರು.

"ಅದೆಲ್ಲ ಏನೂ ಇಲ್ಲ ಅತ್ತೆ. ಕಾಲ್ಗುಣ ಅನ್ನೋದೇ ಇಲ್ಲ."

"ಬೇರೆ ಯಾರಾದ್ರೂ ಅಂದಿದ್ರೆ ನಾನೂ ಹಾಗೇ ಅಂತಿದ್ದೆ. ಆದ್ರೆ ನೀನು ಲೆಕ್ಕ ಗೊತ್ತಿರೋಳು. ನೀನೇ ಅಂದ್ಮೇಲೆ ಏನೋ ಇರಬೇಕು ಅಂತ." ಒಳಗಿನ ಕೋಣೆಯತ್ತ ನೋಡಿ ದನಿ ತಗ್ಗಿಸಿದರು. "ಹೆರಿಗೆ ದಿನ ಆಸ್ಪತ್ರೆಗೆ ನಾನು ಹೋಗಲ್ಲ ಅಂತ ಅವಳಿಗೆ ಹೇಳಿದ್ದೀನಿ. ಮಂಡಿ ನೋವು ಅಂತ. ನೀನು ಅವಳ ಜೊತೆ ಇರ್ತೀಯಾ?"

ಇಷ್ಟು ದಿನ ನಾನು ಅತ್ತದ್ದು ಅವರಿಗೆ ನೋವಾಗಿದೆಯೆಂದು. ಅವರು ನನ್ನ ಮಾತನ್ನು ನಂಬಿದ್ದಾರೆಂದು ಹೊಳೆದಿರಲಿಲ್ಲ.

ಚೀಲದಲ್ಲಿ ಎಲೆಗಳಿದ್ದವು. ಬಾಲ್ಕನಿಯ ಸ್ಟೂಲಿನ ಮೇಲೆ ಹಂಚಿದೆ. "ನನ್ನ ಹಿಂದೆ ಕೂತ್ಕೊಳ್ಳಿ. ಗೆಲುವೂ ಸೋಲೂ ಹೇಗೆ ಬೇಕಾದ್ರೂ ಬೀಳ್ತವೆ, ನೀವೇ ನೋಡಿ" ಎಂದೆ. ನನಗೊಂದು ಕೈ, ಎದುರಿನ ಗೋಡೆಗೊಂದು ಕೈ. ಸೋತೆ. ಮತ್ತೆ ಸೋತೆ. ಗೋಡೆಗೆ ಎಕ್ಕದ ಮೇಲೆ ಎಕ್ಕ. ಅತ್ತೆ ನಿಟ್ಟುಸಿರು ಬಿಟ್ಟರು. ನನ್ನ ಕೈ ಬೆವರಿ ಎಲೆಗಳು ಅಂಟತೊಡಗಿದವು. ಕೊನೆಗೆ ಸಮಸಮ ಎನ್ನುವ ಹೊತ್ತಿಗೆ ಬಿಸಿಲು ಇಳಿದಿತ್ತು. "ನೋಡಿದ್ರಾ?" ಎಂದೆ.

"ನೋಡಿದೆ. ನಿನಗೆ ಬೇಕಾದ್ದು ಬೀಳೋವರೆಗೂ ಹಂಚ್ತಾನೇ ಇದ್ದೆ" ಎಂದರು ಅತ್ತೆ.

ಎಲೆಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ. ಬಸ್ಸಿನಲ್ಲಿ ಬರುವಾಗ ಪಕ್ಕದ ಹೆಂಗಸು ಕರವಸ್ತ್ರ ಮುಂದೆ ಚಾಚಿ "ಒರೆಸ್ಕೊಳ್ಳಿ" ಎಂದಾಗಲೇ ನಾನು ಅಳುತ್ತಿದ್ದೇನೆಂದು ತಿಳಿದದ್ದು.

ಮಾರ್ಚ್ 18

ಮ್ಯಾನೇಜರಿಗೆ ಫೋನ್ ಮಾಡಿ ಈ ತಿಂಗಳು ಬರುವುದಿಲ್ಲವೆಂದೆ. "ಗೆದ್ದ ಮೇಲೆ ಗತ್ತು ಬಂತು" ಎಂದು ನಕ್ಕ. ಇವರು ನಮ್ಮ ಕೋಣೆಗೆ ಮರಳಿದ್ದಾರೆ. ಮಾತು ಇನ್ನೂ ಲೆಕ್ಕಕ್ಕೆ ಸಿಗುವಷ್ಟೇ.

ಮಾರ್ಚ್ 27

ಇನ್ನೂ ಆಸ್ಪತ್ರೆಯ ವಾಸನೆ ಕೈಯಲ್ಲಿದೆ.

ಬೆಳಿಗ್ಗೆ ನಾದಿನಿಗೆ ನೋವು ಕಾಣಿಸಿಕೊಂಡಿದೆಯೆಂದು ಫೋನ್ ಬಂತು, ಅವಳ ಮನೆಗೆ ಓಡಿದೆ, ಮೂವರೂ ಟ್ಯಾಕ್ಸಿಯಲ್ಲಿ ಹೋದೆವು. ಅತ್ತೆ ಕೆಳಗಿನ ಕ್ಯಾಂಟೀನಿನಲ್ಲೇ ಕೂತುಬಿಟ್ಟರು. ನಾನು ಮೇಲೆ ಹೋದೆ. ಮಧ್ಯಾಹ್ನ ನರ್ಸ್ ಹೊರಬಂದು, "ಅವರ ಅಮ್ಮ ಯಾರು? ಅಮ್ಮ ಬೇಕು ಅಂತ ಒಂದೇ ಸಮನೆ ಕೂಗ್ತಿದ್ದಾರೆ. ಬೇಗ ಕಳಿಸಿ" ಎಂದಳು.

ಓಡಿದೆ. ಅತ್ತೆಯ ಮುಂದಿನ ಚಹಾ ಕೆನೆಗಟ್ಟಿತ್ತು.

"ನಾನು ಬರಲ್ಲ. ಹೆಚ್ಚುಕಡಿಮೆ ಆದ್ರೆ?"

ಏನೂ ಆಗುವುದಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. ಅತ್ತೆಯ ಹತ್ತಿರ ಇನ್ನೊಂದು ಸುಳ್ಳು ಬೇಡ ಎನಿಸಿತು.

"ಆಗಬಹುದು ಅತ್ತೆ. ನೀವು ಒಳಗಿದ್ರೂ ಆಗಬಹುದು, ಇಲ್ಲಿ ಕೂತಿದ್ರೂ ಆಗಬಹುದು. ಅದು ನಿಮ್ಮ ಕೈಲೂ ಇಲ್ಲ, ನಿಮ್ಮ ಕಾಲಲ್ಲೂ ಇಲ್ಲ. ನಾನು ಅವತ್ತು ಅಂದಿದ್ದು ಲೆಕ್ಕ ಅಲ್ಲ. ಸೋಲೋಕೆ ನಾಚಿಕೆ ಆಗಿ, ಆ ನಾಚಿಕೇನ ಯಾರ ತಲೆಗಾದ್ರೂ ಕಟ್ಟಬೇಕಿತ್ತು. ನೀವು ಹತ್ತಿರ ಇದ್ರಿ. ತಿರುಗಿ ಬೈಯಲ್ಲ ಅಂತ ಗೊತ್ತಿತ್ತು. ಅಷ್ಟೇ."

ಅತ್ತೆ ನನ್ನನ್ನೇ ನೋಡಿದರು. ಆ ನೋಟ ಈ ಹನ್ನೊಂದು ವರ್ಷದಲ್ಲಿ ನಾನು ಕಂಡದ್ದಲ್ಲ. ಅದರಲ್ಲಿ ಕೊನೆಗೂ ಸಿಟ್ಟಿತ್ತು.

"ಎಲ್ಲರ ಎದುರಿಗೂ ಅಂದೆಯಲ್ಲೇ" ಎಂದರು.

"ಹೂಂ."

"ನಾಯಿಗೂ ಹಾಗನ್ನಲ್ಲ."

"ಹೂಂ ಅತ್ತೆ."

"ಬ್ಯಾಗ್ ಹಿಡ್ಕೊ" ಎಂದು ಎದ್ದರು. ಮಂಡಿ ನೋವಿಲ್ಲದೆ ಮೆಟ್ಟಿಲು ಹತ್ತಿದರು.

ನಾನು ಹೊರಗೆ ಗೋಡೆ ಪಕ್ಕದ ಕುರ್ಚಿಯಲ್ಲಿ ಕುಳಿತೆ. ಒಳಗಿನಿಂದ ನಾದಿನಿಯ ಕೂಗು, ನಡುನಡುವೆ ಅತ್ತೆಯ ದನಿ, ಎಕ್ಸ್‌ಚೇಂಜಿನ ಆ ನಿಧಾನದ ದನಿ. ಆಯಾ ಬಂದು, "ಸ್ವಲ್ಪ ಆಚೆ ಕೂತ್ಕೊಳ್ಳಮ್ಮ, ನೆಲ ಒರೆಸಬೇಕು" ಎಂದಳು. ಇಲ್ಲ, ಇಲ್ಲೇ ಇರ್ತೀನಿ ಎಂದೆ. ಅವಳು ಗೊಣಗಿಕೊಂಡು ನನ್ನ ಕಾಲ ಸುತ್ತ ಒರೆಸಿದಳು. ಆಮೇಲೆ, ಯಾಕೆ ಏಳಲಿಲ್ಲ ಎಂದು ನನ್ನನ್ನೇ ಕೇಳಿಕೊಂಡೆ. ಈ ಕುರ್ಚಿಯಲ್ಲಿ ಕೂತಿರುವಷ್ಟು ಹೊತ್ತು ಎಲ್ಲ ಸರಿಯಿದೆ, ಎದ್ದರೆ ಕೆಡುತ್ತದೆ. ನನ್ನ ತಲೆಯಲ್ಲಿ ಇದ್ದದ್ದು ಇದು! ಬೆಳಗಿನಿಂದ ಇದೇ ಇತ್ತೋ ಏನೋ. ಬೇಕೆಂದೇ ಎದ್ದು ಒದ್ದೆ ನೆಲದ ಮೇಲೆ ನಡೆದು ಇನ್ನೊಂದು ಕುರ್ಚಿಗೆ ಹೋದೆ. ಆ ನಾಲ್ಕು ಹೆಜ್ಜೆಗೆ ಎದೆ ಹೊಡೆದುಕೊಂಡ ಹಾಗೆ ಯಾವ ಪಂದ್ಯದಲ್ಲೂ ಹೊಡೆದುಕೊಂಡಿಲ್ಲ.

ಇಳಿಹೊತ್ತಿಗೆ ಬಾಗಿಲು ತೆರೆಯಿತು. ಹೆಣ್ಣು ಮಗು. ತಾಯಿ ಸುಸ್ತಾಗಿದ್ದಾಳೆ, ಚೆನ್ನಾಗಿದ್ದಾಳೆ. ಅತ್ತೆ ಬಿಳಿ ಬಟ್ಟೆಯಲ್ಲಿ ಸುತ್ತಿದ ಮಗುವನ್ನು ಎತ್ತಿಕೊಂಡು ಬಂದರು. ಕೂದಲೆಲ್ಲ ಕೆದರಿ, ಮೊಣಕೈ ಮೇಲೆ ಮಗಳು ಹಿಡಿದ ಉಗುರಿನ ಗುರುತು.

"ಮನೆಗೆ ಬನ್ನಿ ಅತ್ತೆ" ಎಂದೆ.

"ನೋಡೋಣ" ಎಂದರು. ನನ್ನ ಮುಖ ನೋಡಲಿಲ್ಲ. "ನಾನು ಮುಖ ತೊಳ್ಕೊಂಡು ಬರಬೇಕು. ತಗೋ, ಇವಳನ್ನ ಹಿಡ್ಕೊ."

ನನಗೆ ಇಂಥ ಎಳೆಯದನ್ನು ಹಿಡಿದು ಅಭ್ಯಾಸವಿಲ್ಲ. ಕೈ ಚಾಚಿದೆ, ಹಿಂದೆ ತೆಗೆದೆ. ನನ್ನ ಕೈಗಾ, ಎಂದೆ.

"ಮತ್ತಿನ್ಯಾರ ಕೈಗೆ? ಹಾಗಲ್ಲ. ಕತ್ತು ನಿಲ್ಲಲ್ಲ ಇನ್ನೂ. ಒಂದು ಕೈ ತಲೆ ಕೆಳಗೆ ಕೊಡು. ಇನ್ನೊಂದು ಬೆನ್ನಿಗೆ. ಮೈಗೆ ಒತ್ಕೊ. ಗಟ್ಟಿಯಾಗಿ ಅಲ್ಲ." ಅವರ ಬೆರಳು ನನ್ನ ಬೆರಳನ್ನು ಎಳೆದು ಸರಿಯಾದ ಕಡೆ ಇಟ್ಟಿತು. "ಹಾಂ. ಇನ್ನು ಅಲುಗಾಡಬೇಡ."

ಅವರು ಮುಖ ತೊಳೆದು ಬರುವವರೆಗೂ ಅಲುಗಾಡಲಿಲ್ಲ.